ಕೂಲಿ ಬರೆಯಬೇಕಾದ್ದು ಕೆಲಸದ ಮುಂದೆ, ಹೆಸರಿನ ಮುಂದಲ್ಲ

ಉದ್ಯೋಗದಲ್ಲಿ ಸಮಾನ ಅವಕಾಶದ ಕಾನೂನುಗಳ ಬಗ್ಗೆ ಕೊಡಗಿನ ತೋಟ, ಹೋಂಸ್ಟೇ ಮತ್ತು ಸಣ್ಣ ಕಾರ್ಖಾನೆಗಳಿಂದ ಬಂದ ಪ್ರಶ್ನೆಗಳಿಗೆ ಈ ಸಲ ಉತ್ತರಿಸಿದ್ದೇವೆ. ಒಂದೇ ವಿಷಯದ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಸಿದ್ದಾಪುರದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಖಾಯಂ ಆಳುಗಳು 22, ಕುಯ್ಲಿಗೆ ಇನ್ನೂ 30 ಜನ ಬರುತ್ತಾರೆ. ಗಂಡಾಳಿಗೆ ಹೆಣ್ಣಾಳಿಗಿಂತ ದಿನಕ್ಕೆ 100 ರೂಪಾಯಿ ಹೆಚ್ಚು. ಗಂಡಸರು ಮರಗಸಿ (ನೆರಳಿನ ಮರಗಳ ಕೊಂಬೆ ಸವರುವುದು) ಮಾಡುತ್ತಾರೆ, ಮೆಣಸಿಗೆ ಏಣಿ ಹತ್ತುತ್ತಾರೆ ಎಂಬ ಕಾರಣಕ್ಕೆ ಅಪ್ಪನ ಕಾಲದಿಂದ ಹೀಗೇ ನಡೆದುಬಂದಿದೆ. ಹೊಸ ಕಾನೂನಿನಲ್ಲಿ ಇದು ತಪ್ಪಾಗುತ್ತದೆಯೇ?

ಹೊಸ ಕಾನೂನು ಬರುವ ಮೊದಲೇ ತಪ್ಪಾಗಿತ್ತು. ಒಂದೇ ಕೆಲಸಕ್ಕೆ ಅಥವಾ ಅದೇ ಬಗೆಯ ಕೆಲಸಕ್ಕೆ ಹೆಣ್ಣು ಗಂಡೆಂದು ಬೇರೆ ಕೂಲಿ ಕೊಡಬಾರದೆಂದು 1976ರ ಸಮಾನ ವೇತನ ಕಾಯ್ದೆಯೇ ಹೇಳಿತ್ತು. ಆ ಕಾಯ್ದೆಯನ್ನು 2019ರ ವೇತನ ಸಂಹಿತೆ ತನ್ನೊಳಗೆ ಸೇರಿಸಿಕೊಂಡಿದೆ. ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ 3ನೇ ಕಲಂ ಕೂಲಿಗಷ್ಟೇ ಅಲ್ಲ, ನೇಮಕಾತಿಗೂ ಕೆಲಸದ ಷರತ್ತುಗಳಿಗೂ ಅನ್ವಯಿಸುತ್ತದೆ.

ನಿಮ್ಮ ಪತ್ರದಲ್ಲಿ ಒಂದು ನ್ಯಾಯವಾದ ಮಾತೂ ಇದೆ. ಮರಗಸಿ ಮತ್ತು ಏಣಿ ಕೆಲಸ ಕಳೆ ತೆಗೆದಷ್ಟು ಸುಲಭವಲ್ಲ, ಅಪಾಯವೂ ಹೆಚ್ಚು. ಅದಕ್ಕೆ ಹೆಚ್ಚು ಕೂಲಿ ಕೊಡಲು ಕಾನೂನು ಅಡ್ಡ ಬರುವುದಿಲ್ಲ. ಬೇಕಾದ ಕೌಶಲ, ಶ್ರಮ, ಅನುಭವ, ಜವಾಬ್ದಾರಿ ಮತ್ತು ಕೆಲಸದ ಪರಿಸ್ಥಿತಿ ಒಂದೇ ತೆರನಾಗಿದ್ದರೆ ಮಾತ್ರ ಎರಡು ಕೆಲಸಗಳು ಸಮಾನ ಎನಿಸುತ್ತವೆ. ಆದರೆ ಮರಗಸಿ ವರ್ಷವಿಡೀ ನಡೆಯುವುದಿಲ್ಲವಲ್ಲ. ಜೂನ್‌ನಲ್ಲಿ ಏಣಿ ಹತ್ತಿದ ಆಳು ಸೆಪ್ಟೆಂಬರ್‌ನಲ್ಲಿ ಹೆಂಗಸರ ಪಕ್ಕದ ಸಾಲಿನಲ್ಲೇ ಕಳೆ ತೆಗೆಯುತ್ತಾನೆ, ಆಗಲೂ ಅವನಿಗೆ 100 ರೂಪಾಯಿ ಹೆಚ್ಚು ಸಿಗುತ್ತದೆ. ಏಣಿಯ ಹೆಸರಿನಲ್ಲಿ ಶುರುವಾದ ವ್ಯತ್ಯಾಸ ಚೆಕ್‌ರೋಲ್‌ನಲ್ಲಿ (ಹಾಜರಿ, ಕೂಲಿ ಬರೆಯುವ ಪುಸ್ತಕ) ಗಂಡಸಿನ ಹೆಸರಿಗೇ ಅಂಟಿಕೊಂಡುಬಿಟ್ಟಿದೆ. ಕಾನೂನು ಹಿಡಿಯುವುದು ಇದನ್ನೇ.

ಸರಿಪಡಿಸಲು ವಕೀಲರು ಬೇಕಿಲ್ಲ, ನಿಮ್ಮ ರೈಟರ್ (ತೋಟದ ಗುಮಾಸ್ತ) ಸಾಕು. ವರ್ಷವಿಡೀ ತೋಟದಲ್ಲಿ ನಡೆಯುವ ಕೆಲಸಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ: ಕಳೆ, ಗೊಬ್ಬರ, ಚಿಗುರು ತೆಗೆಯುವುದು, ಮರಗಸಿ, ಔಷಧಿ ಹೊಡೆಯುವುದು, ಯಂತ್ರದಲ್ಲಿ ಕಳೆ ಕತ್ತರಿಸುವುದು, ಕಾಫಿ ಕುಯ್ಲು, ಮೆಣಸು ಕುಯ್ಲು, ಕಣ, ಪಲ್ಪರ್ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ). ಒಂದೊಂದರ ಮುಂದೆ ಬೇಕಾದ ಕೌಶಲ, ಶ್ರಮ ಮತ್ತು ಅಪಾಯವನ್ನು ಎರಡೆರಡು ಸಾಲಿನಲ್ಲಿ ಬರೆದು, ಆಮೇಲೆ ದರ ನಿಗದಿ ಮಾಡಿ. ಯಾವ ದರವೂ ಸರ್ಕಾರ ನಿಗದಿ ಮಾಡಿದ ಕನಿಷ್ಠ ಕೂಲಿಗಿಂತ ಕೆಳಗಿರಬಾರದು. ಇಷ್ಟಾದ ಮೇಲೆ ಚೆಕ್‌ರೋಲ್‌ನಿಂದ ‘ಗಂ’, ‘ಹೆ’ ಎಂಬ ದರದ ಕಾಲಂ ತೆಗೆದುಹಾಕಿ, ಆಯಾ ದಿನ ಮಾಡಿದ ಕೆಲಸದ ಕಾಲಂ ಸೇರಿಸಿ. ಕೂಲಿ ಅದರಿಂದ ತಾನಾಗಿ ಬರುತ್ತದೆ. ದರದ ಹಾಳೆಯ ಒಂದು ಪ್ರತಿಯನ್ನು ಹಾಜರಿ ಕರೆಯುವ ಜಾಗದಲ್ಲಿ ಅಂಟಿಸಿ.

ಸಮ ಮಾಡುವ ನೆಪದಲ್ಲಿ ಗಂಡಸರ ಕೂಲಿ ಇಳಿಸಬೇಡಿ. ಕಾನೂನು ಪಾಲಿಸಲೆಂದು ಯಾರ ಕೂಲಿಯನ್ನೂ ಕಡಿಮೆ ಮಾಡುವಂತಿಲ್ಲ ಎಂದು ಅದೇ 3ನೇ ಕಲಂ ಹೇಳುತ್ತದೆ. ಅಂದರೆ ಕಳೆ ತೆಗೆಯುವ ದರವನ್ನು ಈಗ ಗಂಡಸರಿಗೆ ಸಿಗುತ್ತಿರುವ ಮಟ್ಟಕ್ಕೆ ಏರಿಸಬೇಕು. ಖರ್ಚು ಬರುತ್ತದೆ, ನಿಜ. ‘ಕೊಡಲು ನಮ್ಮ ಕೈಲಾಗದು’ ಎಂಬ ವಾದವನ್ನು ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್‌ಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ ತಳ್ಳಿಹಾಕಿದೆ.

ಸುಮ್ಮನಿದ್ದರೆ ಏನಾಗುತ್ತದೆಂಬ ಲೆಕ್ಕವನ್ನೂ ನೋಡಿ. ನಿಮ್ಮಲ್ಲಿ 12 ಹೆಂಗಸರು ವರ್ಷಕ್ಕೆ 250 ದಿನ ದುಡಿಯುತ್ತಾರೆಂದುಕೊಳ್ಳಿ. ದಿನಕ್ಕೆ 100 ರೂಪಾಯಿಯಂತೆ ವರ್ಷಕ್ಕೆ 3 ಲಕ್ಷ ಬಾಕಿ. ಅರ್ಜಿ ಹಾಕಲು ಮೂರು ವರ್ಷ ಅವಕಾಶವಿದೆ, ಅಲ್ಲಿಗೆ 9 ಲಕ್ಷ. ಅದರ ಮೇಲೆ ಬಾಕಿಯ ಹತ್ತು ಪಟ್ಟಿನವರೆಗೆ ಪರಿಹಾರ ವಿಧಿಸುವ ಅಧಿಕಾರ ಕೂಲಿ ಬಾಕಿಯ ಅರ್ಜಿ ಕೇಳುವ ಪ್ರಾಧಿಕಾರಕ್ಕಿದೆ. ಕಡಿಮೆ ಕೂಲಿ ಕೊಟ್ಟದ್ದಕ್ಕೆ 50,000 ರೂಪಾಯಿವರೆಗಿನ ದಂಡ ಬೇರೆ. ಬಾಕಿ ಕೊಟ್ಟಿದ್ದೇನೆಂದು ಸಾಬೀತು ಮಾಡಬೇಕಾದವರೂ ನೀವೇ, ಆಳಲ್ಲ. ರಿಜಿಸ್ಟರ್ ಸರಿಯಿಲ್ಲದವರು ಸೋಲುವುದು ಇಲ್ಲೇ.

ದರ ಸಮ ಮಾಡಿದ ತೋಟಗಳೂ ಎಡವುವ ಎರಡು ಜಾಗಗಳಿವೆ. ಮೊದಲನೆಯದು ಕುಯ್ಲಿನ ತೂಕ. ಕಿಲೋ ಲೆಕ್ಕದಲ್ಲಿ ದರ ಎಲ್ಲರಿಗೂ ಒಂದೇ, ಸರಿ. ಆದರೆ ಗಂಡ ಹೆಂಡತಿ ಇಬ್ಬರೂ ಕುಯ್ದ ಹಣ್ಣನ್ನು ಒಂದೇ ಚೀಲಕ್ಕೆ ಸುರಿದು ಗಂಡನ ಹೆಸರಿನಲ್ಲಿ ತೂಕ ಬರೆದರೆ ಆ ದಿನ ಅವಳು ಕೆಲಸಕ್ಕೇ ಬಂದಿಲ್ಲವೆಂದಾಯಿತು. ಅವಳ ಹಾಜರಿ, ಭವಿಷ್ಯನಿಧಿ, ಬೋನಸ್, ಮುಂದೆ ಹೆರಿಗೆ ಸೌಲಭ್ಯಕ್ಕೆ ಬೇಕಾಗುವ ದಿನಗಳ ಲೆಕ್ಕ, ಎಲ್ಲವೂ ಆ ಒಂದು ಗೆರೆಯಲ್ಲಿ ಅಳಿಸಿಹೋಗುತ್ತವೆ. ಚೀಲ ಬೇರೆ, ಚೀಟಿ ಬೇರೆ, ತೂಕ ಬೇರೆ ಇರಲೇಬೇಕು. ಸಂಜೆ ತಕ್ಕಡಿಯ ಮುಂದೆ ಇದಕ್ಕೆ ಹತ್ತು ನಿಮಿಷ ಹೆಚ್ಚು ಬೇಕಾಗಬಹುದು. ದಯವಿಟ್ಟು ಆ ಹತ್ತು ನಿಮಿಷ ಕೊಡಿ.

ಎರಡನೆಯದು ತರಬೇತಿ. ಕಳೆ ಕತ್ತರಿಸುವ ಯಂತ್ರಕ್ಕೆ ಹೆಚ್ಚು ದರ ಇಟ್ಟು, ಅದನ್ನು ಗಂಡಸರಿಗೆ ಮಾತ್ರ ಕಲಿಸಿದರೆ ಹಳೆಯ ತಾರತಮ್ಯ ಹೊಸ ಹೆಸರಿನಲ್ಲಿ ಒಳಗೆ ಬಂದಂತೆ. ಕಲಿಯಲು ಇಷ್ಟವಿದೆಯೇ ಎಂದು ಹೆಂಗಸರನ್ನೂ ಕೇಳಿ, ಕೇಳಿದ ದಿನಾಂಕ ಮತ್ತು ಸಿಕ್ಕ ಉತ್ತರವನ್ನು ಬರೆದಿಡಿ.

ನಮ್ಮದು ಮೂರು ಎಕರೆ, ಆಳುಗಳು ನಾಲ್ಕೇ ಜನ. ನಮಗೂ ಇದೆಲ್ಲ ಬೇಕೇ? (ನಾಪೋಕ್ಲು)

ಕೃಷಿಗೆ ಐದು ಜನರಿಗಿಂತ ಹೆಚ್ಚು ಇಟ್ಟುಕೊಳ್ಳದ ಮಾಲೀಕರಿಗೆ ರಿಜಿಸ್ಟರ್, ಫಲಕ ಮತ್ತು ಕೂಲಿ ಚೀಟಿಯಿಂದ ಸಂಹಿತೆ ವಿನಾಯಿತಿ ಕೊಟ್ಟಿದೆ. ಸಮಾನ ಕೂಲಿಯಿಂದ ವಿನಾಯಿತಿ ಇಲ್ಲ. ಒಂದು ನೋಟ್‌ಬುಕ್‌ನಲ್ಲಿ ಹಾಜರಿ, ಕೆಲಸ, ಕೊಟ್ಟ ಹಣ ಬರೆದು ಸಹಿ ಅಥವಾ ಹೆಬ್ಬೆಟ್ಟು ಹಾಕಿಸಿಟ್ಟುಕೊಳ್ಳಿ. ನಾಳೆ ತಕರಾರು ಬಂದರೆ ಕೈಯಲ್ಲಿರುವುದು ಅದೊಂದೇ.

ಸುಂಟಿಕೊಪ್ಪದ ತೋಟವೊಂದರಲ್ಲಿ ರೈಟರ್ ಆಗಿದ್ದೇನೆ. ದಿನಗೂಲಿಯ ಹೆಂಗಸು ಬಸುರಿಯಾದರೆ ‘ಮಗು ಆದ ಮೇಲೆ ಬಾ’ ಎಂದು ಕಳಿಸುವುದು ವಾಡಿಕೆ. ಖಾಯಂ ಅಲ್ಲದವರಿಗೂ ಹೆರಿಗೆ ರಜೆ ಕೊಡಬೇಕೇ? ಎಷ್ಟು ಹಣ?

ಕೊಡಬೇಕು. ಹಾಗೆ ಕಳಿಸುವುದೇ ಅಪರಾಧ. ಮಸ್ಟರ್ ರೋಲ್‌ನ ದಿನಗೂಲಿ ಮಹಿಳೆಯರಿಗೂ ಹೆರಿಗೆ ಸೌಲಭ್ಯ ಸಲ್ಲುತ್ತದೆಂದು ದೆಹಲಿ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ತೀರ್ಪು ಕೊಟ್ಟಿದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ವಿಷಯ ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿದೆ, ತೋಟಗಳಿಗೂ ಅನ್ವಯಿಸುತ್ತದೆ.

ಅರ್ಹತೆ ಇಷ್ಟೇ: ಹೆರಿಗೆಯ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ ನಿಮ್ಮಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಬದುಕಿರುವ ಮಕ್ಕಳು ಎರಡಕ್ಕಿಂತ ಕಡಿಮೆ ಇದ್ದರೆ 26 ವಾರ, ಅದರಲ್ಲಿ ಹೆರಿಗೆಗೆ ಮುಂಚೆ 8 ವಾರದವರೆಗೆ ತೆಗೆದುಕೊಳ್ಳಬಹುದು. ಎರಡು ಅಥವಾ ಹೆಚ್ಚು ಮಕ್ಕಳಿದ್ದರೆ 12 ವಾರ. ಗರ್ಭಪಾತವಾದರೆ 6 ವಾರ.

ಹಣದ ಲೆಕ್ಕದಲ್ಲಿ ಬಹಳ ರೈಟರ್‌ಗಳು ವಾರಕ್ಕೆ ಆರು ದಿನ ಹಿಡಿಯುತ್ತಾರೆ. ಅದು ತಪ್ಪು. ಕೊಯಮತ್ತೂರು ಲೇಬರ್ ಕೋರ್ಟಿನಿಂದ ಮೇಲಕ್ಕೆ ಹೋದ, ತೋಟದ ಕಾರ್ಮಿಕ ಮಹಿಳೆಯದೇ ಪ್ರಕರಣದಲ್ಲಿ, ವಾರವೆಂದರೆ ಭಾನುವಾರವೂ ಸೇರಿ ಏಳು ದಿನವೆಂದು ಸುಪ್ರೀಂ ಕೋರ್ಟ್ 1977ರಲ್ಲಿ ತೀರ್ಮಾನಿಸಿದೆ. ಹಾಗಾಗಿ 26 ವಾರಕ್ಕೆ 182 ದಿನ. ಹಿಂದಿನ ಮೂರು ತಿಂಗಳಲ್ಲಿ ದುಡಿದ ದಿನಗಳ ಸರಾಸರಿ ಕೂಲಿ 450 ರೂಪಾಯಿ ಇದ್ದರೆ 450ನ್ನು 182ರಿಂದ ಗುಣಿಸಿ 81,900 ರೂಪಾಯಿ ಕೊಡಬೇಕು. ಆರು ದಿನ ಹಿಡಿದು 156 ದಿನಕ್ಕೆ ಲೆಕ್ಕ ಮಾಡಿದರೆ ಅವಳಿಗೆ 11,700 ಕೈತಪ್ಪುತ್ತದೆ.

ರಜೆಯ ಅವಧಿಯಲ್ಲಿ ಕೆಲಸದಿಂದ ತೆಗೆಯುವುದಾಗಲಿ, ಷರತ್ತು ಬದಲಾಯಿಸುವುದಾಗಲಿ ಕೂಡದು. ಹೆರಿಗೆಯಾದ ಆರು ವಾರ ಕೆಲಸ ಮಾಡಿಸಲೇಬಾರದು. ವಾಪಸು ಬಂದ ಮೇಲೆ ಮಗುವಿಗೆ 15 ತಿಂಗಳಾಗುವ ತನಕ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು. ಅದಕ್ಕೆ ಕೂಲಿ ಕಡಿತವಿಲ್ಲ. ಲೈನ್ ಮನೆಯಿಂದ (ಆಳುಗಳ ಸಾಲುಮನೆ) ದೂರದ ಬ್ಲಾಕ್‌ಗೆ ಅವಳನ್ನು ಹಾಕಿದರೆ ಈ ಬಿಡುವು ಕಾಗದದಲ್ಲೇ ಉಳಿಯುತ್ತದೆ, ಹತ್ತಿರದ ಕಳೆ ಅಥವಾ ಕಣದ ಕೆಲಸ ಕೊಡಿ.

ಮಡಿಕೇರಿ ಹೊರವಲಯದಲ್ಲಿ ನಮ್ಮದು 8 ಕೋಣೆಯ ಹೋಂಸ್ಟೇ. ಅಡುಗೆ, ಕ್ಲೀನಿಂಗ್, ಡ್ರೈವರ್, ತೋಟದವರು ಸೇರಿ 13 ಜನ. ಲೈಂಗಿಕ ಕಿರುಕುಳ ತಡೆ ಸಮಿತಿ ಮಾಡಬೇಕು ಎನ್ನುತ್ತಾರೆ. ಮನೆಯೇ ಕೆಲಸದ ಜಾಗ ಆಗಿರುವಾಗ ಇದು ಅನ್ವಯವೇ? ನನ್ನ ಹೆಂಡತಿಯನ್ನು ಅಧ್ಯಕ್ಷೆ ಮಾಡಬಹುದೇ?

2013ರ ಕಾಯ್ದೆಯಲ್ಲಿ ಮನೆಯೂ ಕೆಲಸದ ಜಾಗವೇ. 10 ಅಥವಾ ಹೆಚ್ಚು ಜನ ಇದ್ದರೆ ಆಂತರಿಕ ಸಮಿತಿ ಕಡ್ಡಾಯ. ಎಣಿಸುವಾಗ ದಿನಗೂಲಿಯವರು, ಗುತ್ತಿಗೆಯವರು, ತರಬೇತಿಗೆ ಬಂದ ಹುಡುಗರು ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಸಂಬಳ ಇಲ್ಲದವರೂ ಸಹ.

ಸಮಿತಿಗೆ ಕನಿಷ್ಠ ನಾಲ್ಕು ಜನ ಬೇಕು. ಅಧ್ಯಕ್ಷೆ ನಿಮ್ಮಲ್ಲೇ ದುಡಿಯುವ ಹಿರಿಯ ಮಹಿಳೆ, ಉದ್ಯೋಗಿಗಳಿಂದ ಇಬ್ಬರು, ಹೊರಗಿನ ಸದಸ್ಯರು ಒಬ್ಬರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರಿರಬೇಕು. ಅವಧಿ ಮೂರು ವರ್ಷ. ಹೊರಗಿನವರು ಮಹಿಳಾ ಪರ ಸಂಘಟನೆಯವರೋ ಈ ವಿಷಯ ಬಲ್ಲ ವಕೀಲರೋ ನಿವೃತ್ತ ಸಮಾಜ ಕಾರ್ಯಕರ್ತರೋ ಆಗಿರಬಹುದು. ವಿಚಾರಣೆ ನಡೆದ ದಿನಕ್ಕೆ 200 ರೂಪಾಯಿ ಮತ್ತು ಪ್ರಯಾಣ ವೆಚ್ಚವನ್ನು ನಿಯಮವೇ ಗೊತ್ತುಮಾಡಿದೆ, ಆದ್ದರಿಂದ ‘ಖರ್ಚು ತಡೆಯಲಾಗದು’ ಎಂಬ ಮಾತು ನಿಲ್ಲುವುದಿಲ್ಲ. ಹೊರಗಿನ ಸದಸ್ಯರಿಲ್ಲದ ಸಮಿತಿಯನ್ನು ಕಾನೂನು ಸಮಿತಿಯೆಂದೇ ಒಪ್ಪುವುದಿಲ್ಲ. ಅದು ಕೊಟ್ಟ ವರದಿ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ.

ನಿಮ್ಮ ಹೆಂಡತಿಯವರ ವಿಷಯ. ಅವರು ಹೋಂಸ್ಟೇಯ ಪಾಲುದಾರರಾಗಿದ್ದರೆ ಅವರೇ ಮಾಲೀಕರು. ದೂರು ಕೊಡುವ ಹುಡುಗಿ ಮಾಲೀಕರ ಮನೆಯವರ ಮುಂದೆ ಬಾಯಿ ಬಿಡುತ್ತಾಳೆಯೇ? ಬೇಡ ಎಂಬುದೇ ನಮ್ಮ ಸಲಹೆ. ಅಡುಗೆಮನೆಯ ಹಿರಿಯ ಹೆಂಗಸು ಅಧ್ಯಕ್ಷೆಯಾಗಲಿ. ಓದು ಬರಹ ಕಡಿಮೆ ಎಂಬುದು ಅಡ್ಡಿಯಲ್ಲ, ಬರೆಯುವ ಕೆಲಸವನ್ನು ಇನ್ನೊಬ್ಬ ಸದಸ್ಯರು ಮಾಡಬಹುದು. ದೂರು ನಿಮ್ಮ ಮೇಲೆಯೇ ಇದ್ದರೆ ಅದು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಹೋಗುತ್ತದೆ. 10 ಜನರಿಗಿಂತ ಕಡಿಮೆ ಇರುವ ಕಡೆಯ ದೂರುಗಳೂ ಅಲ್ಲಿಗೇ. ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟರೆ 7 ದಿನದೊಳಗೆ ಅವರು ಕಳಿಸಬೇಕು.

ದಿನಗಳ ಲೆಕ್ಕ ತಪ್ಪಿದರೆ ಪ್ರಕರಣ ಹಾಳಾಗುತ್ತದೆ, ಹಾಗಾಗಿ ಇದನ್ನು ಗೋಡೆಗೆ ಅಂಟಿಸಿಕೊಳ್ಳಿ. ಘಟನೆಯಾದ 3 ತಿಂಗಳೊಳಗೆ ದೂರು, ಸಕಾರಣವಿದ್ದರೆ ಇನ್ನೂ 3 ತಿಂಗಳು. ದೂರಿನ ಪ್ರತಿ ಆರೋಪಿತನಿಗೆ 7 ಕೆಲಸದ ದಿನಗಳಲ್ಲಿ, ಅವನ ಉತ್ತರ 10 ಕೆಲಸದ ದಿನಗಳಲ್ಲಿ. ವಿಚಾರಣೆ 90 ದಿನದಲ್ಲಿ ಮುಗಿದು, ವರದಿ ಮುಂದಿನ 10 ದಿನದಲ್ಲಿ ನಿಮ್ಮ ಕೈಗೆ ಬರಬೇಕು, ನೀವು 60 ದಿನದಲ್ಲಿ ಕ್ರಮ ಕೈಗೊಳ್ಳಬೇಕು. ವಿಚಾರಣೆಯ ವೇಳೆ ಅಧ್ಯಕ್ಷೆ ಸೇರಿ ಕನಿಷ್ಠ ಮೂವರು ಹಾಜರಿರಬೇಕು. ದೂರುದಾರಳೇ ಬಯಸಿದರೆ ರಾಜಿ ಮಾಡಿಸಬಹುದು, ಆದರೆ ದುಡ್ಡು ಕೊಟ್ಟು ಮುಗಿಸುವಂತಿಲ್ಲ. ‘ಊರಿನ ಮರ್ಯಾದೆ’ ಎಂದು ಹಿರಿಯರನ್ನು ಕೂರಿಸಿ ಪಂಚಾಯಿತಿ ಮಾಡಿದರೆ ಗೋಪ್ಯತೆಯ ನಿಯಮವೂ ಮುರಿಯುತ್ತದೆ.

ಹೋಂಸ್ಟೇಯವರು ಸಾಮಾನ್ಯವಾಗಿ ಮರೆಯುವ ಒಂದು ಮಾತಿದೆ. ಕಿರುಕುಳ ಕೊಟ್ಟವನು ಅತಿಥಿಯಾಗಿದ್ದರೂ ಹೊಣೆ ನಿಮ್ಮದೇ. ಕೆಲಸದ ಜಾಗಕ್ಕೆ ಬರುವ ಹೊರಗಿನವರಿಂದಲೂ ಮಹಿಳೆಗೆ ರಕ್ಷಣೆ ಕೊಡುವುದು ಮತ್ತು ಅವಳು ಪೊಲೀಸರಿಗೆ ದೂರು ಕೊಡಲು ಬಯಸಿದರೆ ನೆರವಾಗುವುದು ಮಾಲೀಕನ ಕರ್ತವ್ಯವೆಂದು 19ನೇ ಕಲಂ ಹೇಳುತ್ತದೆ. ಕೋಣೆ ಸ್ವಚ್ಛ ಮಾಡಲು ಇಬ್ಬಿಬ್ಬರನ್ನು ಕಳಿಸಿ. ಅತಿಥಿ ಒಳಗಿದ್ದಾಗ ಬಾಗಿಲು ತೆರೆದಿರಲಿ. ರಾತ್ರಿ ಕೋಣೆಗೆ ಊಟ ಒಯ್ಯುವ ಕೆಲಸಕ್ಕೆ ಒಬ್ಬಂಟಿ ಹುಡುಗಿಯನ್ನು ಹಾಕಬೇಡಿ. ದುರ್ವರ್ತನೆ ತೋರಿದವರನ್ನು ಹೊರಗೆ ಕಳಿಸುವ ಷರತ್ತನ್ನು ಬುಕಿಂಗ್ ವೇಳೆಯೇ ಬರೆದು ಒಪ್ಪಿಗೆ ಪಡೆದಿರಿ. ಸಮಿತಿ ರಚಿಸದಿದ್ದರೆ 50,000 ರೂಪಾಯಿವರೆಗೆ ದಂಡ. ಮತ್ತೆ ತಪ್ಪಿದರೆ ಇಮ್ಮಡಿ ಶಿಕ್ಷೆ, ಪರವಾನಗಿ ರದ್ದಾಗಲೂಬಹುದು.

ರೆಸಾರ್ಟ್‌ಗೆ ಜಾಹೀರಾತು ಕೊಡಬೇಕಿದೆ: ‘ರಿಸೆಪ್ಷನ್‌ಗೆ 25 ವರ್ಷದೊಳಗಿನ ಅವಿವಾಹಿತ ಹುಡುಗಿಯರು, ಸೆಕ್ಯುರಿಟಿಗೆ ಗಂಡಸರು.’ ತಪ್ಪಿದೆಯೇ? (ಕುಶಾಲನಗರ)

ಎರಡು ಸಾಲಿನಲ್ಲೂ ತಪ್ಪಿದೆ. ರಿಸೆಪ್ಷನ್ ಕೆಲಸಕ್ಕೆ ಹೆಣ್ಣೇ ಆಗಬೇಕೆನ್ನುವ, ಕಾವಲಿಗೆ ಗಂಡೇ ಆಗಬೇಕೆನ್ನುವ ಯಾವ ಕಾನೂನೂ ಇಲ್ಲ. ಕೆಲಸಕ್ಕೆ ಏನು ಬೇಕೋ ಅದನ್ನು ಬರೆಯಿರಿ: ಕನ್ನಡ, ಇಂಗ್ಲಿಷ್ ಮಾತು, ಕಂಪ್ಯೂಟರ್ ಬಿಲ್ಲಿಂಗ್, ಪಾಳಿಯ ಸಮಯ. ಕಾವಲಿಗಾದರೆ ರಾತ್ರಿ ಪಾಳಿ, ಗಸ್ತಿನ ದೂರ. ಮಹಿಳೆಯರನ್ನು ಸಂಜೆ 7ರ ನಂತರ ಅಥವಾ ಬೆಳಿಗ್ಗೆ 6ಕ್ಕೆ ಮುಂಚೆ ಕೆಲಸಕ್ಕೆ ಹಾಕಲು ಅವರ ಒಪ್ಪಿಗೆ ಮತ್ತು ಸುರಕ್ಷತೆಯ ಏರ್ಪಾಡು ಬೇಕು. ಒಪ್ಪಿಗೆ ಬರಹದಲ್ಲಿರಲಿ, ಗಾಡಿಯಲ್ಲಿ ಮನೆ ತಲುಪಿಸಿ. ಮಳೆಗಾಲದಲ್ಲಿ ರಸ್ತೆ ಕುಸಿಯುವ ನಮ್ಮ ಕಡೆ ಉಳಿಯಲು ಒಂದು ಕೋಣೆಯನ್ನೂ ಕಾದಿರಿಸಿ.

ಮದುವೆ ಯಾವಾಗ, ಮಕ್ಕಳ ಯೋಜನೆ ಏನು ಎಂದು ಸಂದರ್ಶನದಲ್ಲಿ ಕೇಳಬೇಡಿ. ಬಸುರಾದ ಗಗನಸಖಿಯನ್ನು ತೆಗೆದುಹಾಕುವ ಏರ್ ಇಂಡಿಯಾದ ನಿಯಮವನ್ನು ಸುಪ್ರೀಂ ಕೋರ್ಟ್ 1981ರಲ್ಲಿ ರದ್ದು ಮಾಡಿತು. ಮುಟ್ಟು, ಗರ್ಭದ ವಿವರ ಕೇಳುತ್ತಿದ್ದ ಜೀವ ವಿಮಾ ನಿಗಮದ ಅರ್ಜಿ ನಮೂನೆಯೂ ಅದೇ ಕೋರ್ಟಿನ ಆಕ್ಷೇಪಕ್ಕೆ ಗುರಿಯಾಯಿತು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಐದಾರು ಪ್ರಶ್ನೆ, ಒಂದೇ ಅಂಕದ ಹಾಳೆ ಇರಲಿ. ಆಯ್ಕೆಯಾಗದವರ ಹಾಳೆಯನ್ನೂ ಮೂರು ವರ್ಷ ಜೋಪಾನ ಮಾಡಿ. ಕೆಲಸಕ್ಕೆ ಸೇರುವ ಮುಂಚೆ ಎಚ್‌ಐವಿ ಪರೀಕ್ಷೆ ಮಾಡಿಸಿಕೊಂಡು ಬಾ ಎನ್ನುವುದು 2017ರ ಕಾಯ್ದೆಯಡಿ ನಿಷಿದ್ಧ. ಲಿಂಗತ್ವ ಅಲ್ಪಸಂಖ್ಯಾತರು ಅರ್ಜಿ ಹಾಕಿದರೆ ಆ ಕಾರಣಕ್ಕೆ ನಿರಾಕರಿಸುವುದನ್ನು ಅವರ ಹಕ್ಕುಗಳ 2019ರ ಕಾಯ್ದೆ ತಡೆಯುತ್ತದೆ. ಅದರಡಿ ದೂರು ಕೇಳುವ ಅಧಿಕಾರಿಯೊಬ್ಬರನ್ನು ನೀವು ಹೆಸರಿಸಿರಬೇಕು.

ಪೊನ್ನಂಪೇಟೆ ಕಡೆಯ ತೋಟದಲ್ಲಿ ಮ್ಯಾನೇಜರ್ ಆಗಿದ್ದೇನೆ. ಎರವ, ಜೇನುಕುರುಬ ಬುಡಕಟ್ಟಿನ ಕುಟುಂಬಗಳು ಲೈನ್ ಮನೆಯಲ್ಲಿವೆ, ಅಸ್ಸಾಮಿನವರು ಕಂಟ್ರಾಕ್ಟರ್ ಮೂಲಕ ಬರುತ್ತಾರೆ. ಎರಡು ಗುಂಪಿಗೂ ಬೇರೆ ಬೇರೆ ಪದ್ಧತಿ ಇದೆ. ಜಾತಿ, ಊರಿನ ಆಧಾರದ ತಾರತಮ್ಯಕ್ಕೆ ಯಾವ ಕಾನೂನು?

ಸಂವಿಧಾನದ 16ನೇ ವಿಧಿ ಸರ್ಕಾರಿ ಉದ್ಯೋಗಕ್ಕೆ ಸಂಬಂಧಿಸಿದ್ದು. ಖಾಸಗಿ ಮಾಲೀಕನಿಗೆ ಜಾತಿ, ಊರು, ಧರ್ಮ ಎಲ್ಲವನ್ನೂ ಒಂದೇ ಕಡೆ ಹಿಡಿಯುವ ಸಮಾನ ಅವಕಾಶದ ಕಾಯ್ದೆ ನಮ್ಮಲ್ಲಿಲ್ಲ. ಇದು ದೊಡ್ಡ ಕೊರತೆ ಎಂದೇ ನಮ್ಮ ಅಭಿಪ್ರಾಯ. ಆದರೆ ಹಿಡಿತ ಇಲ್ಲವೆಂದಲ್ಲ. ಪರಿಶಿಷ್ಟರಿಗೆ ಸಲ್ಲುವ ಯಾವುದೇ ಕೆಲಸಕ್ಕೆ ಅಡ್ಡಿ ಮಾಡುವುದು, ಅಡುಗೆಗೆ ಸೇರಿಸದಿರುವುದು, ಬೇರೆ ಲೋಟ ಇಡುವುದು ದೌರ್ಜನ್ಯ ತಡೆ ಕಾಯ್ದೆ ಮತ್ತು 1955ರ ನಾಗರಿಕ ಹಕ್ಕುಗಳ ಕಾಯ್ದೆಯಡಿ ಕ್ರಿಮಿನಲ್ ಅಪರಾಧವಾಗಬಲ್ಲದು.

ಮುಂಗಡದ ವಿಷಯದಲ್ಲಿ ಬಹಳ ಎಚ್ಚರ ಬೇಕು. ಸಾಲ ತೀರುವ ತನಕ ಬೇರೆ ತೋಟಕ್ಕೆ ಹೋಗಬಾರದೆಂದು ಹಿಡಿದಿಟ್ಟುಕೊಂಡರೆ ಅದು 1976ರ ಜೀತ ಪದ್ಧತಿ ನಿರ್ಮೂಲನಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ‘ಅವರೇ ಕೇಳಿ ಪಡೆದದ್ದು’ ಎಂಬುದು ರಕ್ಷಣೆಯಾಗದು. ಕೂಲಿಯಲ್ಲಿ ಒಟ್ಟು ಕಡಿತ ಅರ್ಧವನ್ನು ಮೀರಬಾರದು. ಮುಂಗಡ, ಮರುಪಾವತಿ, ಉಳಿಕೆ ಮೂರನ್ನೂ ಪ್ರತಿ ವಾರ ಓದಿಹೇಳಿ, ಅವರ ಕೈಯಲ್ಲೂ ಒಂದು ಪುಸ್ತಕ ಕೊಡಿ. ಅಂಗಡಿಯ ಬಾಕಿಯನ್ನು ಕೂಲಿಯಿಂದ ನೇರ ಮುರಿಯಬೇಡಿ.

ಅಸ್ಸಾಮಿನವರ ಹಣವನ್ನು ಕಂಟ್ರಾಕ್ಟರ್ ಕೈಗೆ ಒಟ್ಟಿಗೆ ಕೊಟ್ಟು ಕೈತೊಳೆದುಕೊಳ್ಳಬೇಡಿ. ಅವನು ಕೊಡದಿದ್ದರೆ ಕೊಡಬೇಕಾದವರು ನೀವು. ಒಬ್ಬೊಬ್ಬರ ಖಾತೆಗೆ ಹಾಕಿಸಿ. ದರದ ಹಾಳೆ ಕನ್ನಡದಲ್ಲಿ ಮಾತ್ರ ಇದ್ದರೆ ಅವರಿಗೆ ತಲುಪುವುದಿಲ್ಲ, ಅವರ ಭಾಷೆಯಲ್ಲೂ ಹಾಕಿ. ಓದಲು ಬಾರದವರಿಗಾಗಿ ತಿಂಗಳಿಗೊಮ್ಮೆ ಹಾಜರಿಯ ಹೊತ್ತಿನಲ್ಲಿ ಓದಿಸಿ.

ಗೋಣಿಕೊಪ್ಪದ ನಮ್ಮ ಕಾಫಿ ಕ್ಯೂರಿಂಗ್ ಘಟಕದಲ್ಲಿ 28 ಜನ ಇದ್ದಾರೆ. ಅಂಗವಿಕಲರಿಗಾಗಿ ‘ಸಮಾನ ಅವಕಾಶ ನೀತಿ’ ಕೇಳುತ್ತಿದ್ದಾರೆ. ಏನದು?

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21ನೇ ಕಲಂ ಪ್ರತಿ ಸಂಸ್ಥೆಯಿಂದಲೂ ಬಯಸುವ ಲಿಖಿತ ನೀತಿ. 4 ಶೇಕಡ ಮೀಸಲಾತಿ ಸರ್ಕಾರಿ ಸಂಸ್ಥೆಗಳಿಗೆ, ನಿಮಗಲ್ಲ. ಆದರೆ 20 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಯ ನೀತಿಯಲ್ಲಿ ಸೂಕ್ತ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ಬಡ್ತಿಗೆ ಮುಂಚಿನ ತರಬೇತಿ, ಸೌಕರ್ಯ, ಸಹಾಯಕ ಸಾಧನ, ವಿಶೇಷ ರಜೆ, ವಸತಿಯಲ್ಲಿ ಆದ್ಯತೆ, ಸಂಪರ್ಕ ಅಧಿಕಾರಿಯ ಹೆಸರು ಇರಬೇಕು. ಪ್ರತಿಯನ್ನು ರಾಜ್ಯ ಆಯುಕ್ತರಲ್ಲಿ ನೋಂದಾಯಿಸಿ, ಫಲಕದಲ್ಲೂ ಹಾಕಿ.

ಬೆಂಗಳೂರಿನ ಕಂಪನಿಯೊಂದರ ನೀತಿಯನ್ನು ನಕಲು ಮಾಡಿದರೆ ನಿಮ್ಮ ಘಟಕಕ್ಕೆ ಹೊಂದುವುದಿಲ್ಲ. ನಿಮ್ಮ ಶೆಡ್‌ನಲ್ಲೇ ನಡೆದು ನೋಡಿ. ಬೀಜ ಆರಿಸುವ ಕೆಲಸ ಕೂತು ಮಾಡುವಂಥದ್ದು, ಮೇಜಿನ ಎತ್ತರ ಸರಿಪಡಿಸಿದರೆ ಗಾಲಿಕುರ್ಚಿಯವರೂ ಮಾಡಬಹುದು. ಕಿವಿ ಕೇಳದವರಿಗೆ ಯಂತ್ರದ ಗಂಟೆಯ ಜೊತೆ ಒಂದು ಮಿನುಗುವ ದೀಪ ಸಾಕು. ಶೌಚಾಲಯದ ಮೆಟ್ಟಿಲಿಗೆ ಇಳಿಜಾರು ಕಟ್ಟಿಸಿ: ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು, ಅದಕ್ಕಿಂತ ಕಡಿದಾದರೆ ಮಳೆಯಲ್ಲಿ ಜಾರುತ್ತದೆ. ಮೊದಲ ತಪ್ಪಿಗೆ 10,000 ರೂಪಾಯಿವರೆಗೆ, ಮುಂದಿನವಕ್ಕೆ 50,000ದಿಂದ 5 ಲಕ್ಷದವರೆಗೆ ದಂಡವಿದೆ.

‘ಕೊಡಗಿನವರಿಗೆ ಮಾತ್ರ’ ಎಂದು ಜಾಹೀರಾತು ಹಾಕಬಹುದೇ? (ವಿರಾಜಪೇಟೆ)

ಖಾಸಗಿಯವರು ಸ್ಥಳೀಯರಿಗೆ ಹುದ್ದೆ ಮೀಸಲಿಡಬೇಕೆಂಬ ರಾಜ್ಯದ ಮಸೂದೆ 2024ರ ಜುಲೈನಲ್ಲಿ ಸಂಪುಟದ ಒಪ್ಪಿಗೆ ಪಡೆದ ಬೆನ್ನಿಗೇ ತಡೆಹಿಡಿಯಲ್ಪಟ್ಟಿತು. ಹಾಗೆ ಹಾಕಲೇಬೇಕೆಂಬ ಬಲವಂತ ಅದರಿಂದ ನಿಮಗಿಲ್ಲ. ಕನ್ನಡ ಅಥವಾ ಕೊಡವ ತಕ್ಕ್ (ಕೊಡವ ಭಾಷೆ) ಬರಬೇಕು, ತೋಟದ ಕೆಲಸದ ಅನುಭವ ಬೇಕು ಎಂದು ಬರೆಯಿರಿ, ಕೆಲಸಕ್ಕೆ ಅದು ನಿಜಕ್ಕೂ ಬೇಕಾಗಿದ್ದರೆ.